ಅಟ್ಟಕ್ಕೆ ಏರಿದ್ದು ಇಳಿಯಬೇಕಾದರೆ

ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಮನೆ ಒಪ್ಪ ಮಾಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಧೂಳು ಹೊಡೆಯುತ್ತೇವೆ, ಜೇಡರ ಬಲೆ ತೆಗೆಯುತ್ತೇವೆ, ಮಂಚದ ಕೆಳಗಿದ್ದದ್ದನ್ನು ಅಟ್ಟಕ್ಕೆ ಏರಿಸುತ್ತೇವೆ. ಸಾಮಾನು ಜಾಗ ಬದಲಿಸುತ್ತದೆಯೇ ಹೊರತು ಮನೆ ಬಿಟ್ಟು ಹೋಗುವುದಿಲ್ಲ. ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯೊಂದನ್ನು ಎಂಟು ತಿಂಗಳಲ್ಲಿ ನಾನು ತೆರವು ಮಾಡಿದ ಕ್ರಮ ಇದು: ಮೊದಲು ಸಾಮಾನಿಗೆ ಹೊರಹೋಗುವ ದಾರಿ, ಆಮೇಲೆ ದಿನದ ರೂಢಿ, ಕಡೆಗೆ ಹಳೆಯ ರಾಶಿ. ಸಾಮಾನ್ಯವಾಗಿ ಜನ ರಾಶಿಗೇ ಮೊದಲು ಕೈ ಹಾಕುತ್ತಾರೆ. ಮೂರನೇ ಭಾನುವಾರದ ಹೊತ್ತಿಗೆ ಸುಸ್ತು. ಆರಿಸಿಟ್ಟ ನಾಲ್ಕು ಚೀಲ ಬಾಲ್ಕನಿಯಲ್ಲೇ ಕೂತಿರುತ್ತವೆ, ಒಂದೊಂದೇ ಸಾಮಾನು ಮತ್ತೆ ಒಳಗೆ ನುಸುಳುತ್ತದೆ.

ದಾರಿ ಎಂದರೆ ಯಾವ ವಸ್ತು ಯಾರ ಕೈಗೆ, ಯಾವ ವಾರ ಎಂಬುದು. ಇದನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೆಂಗಳೂರಿನಲ್ಲಿ ಅರ್ಧ ಕೆಲಸ ಆಗಲೇ ಆಗಿದೆ: ಎರಡು ಡಬ್ಬ, ಒಂದು ಚೀಲದ ಪದ್ಧತಿ. ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಡೈಪರ್, ಪ್ಯಾಡು, ಬ್ಯಾಂಡೇಜಿನಂಥದ್ದು, ಚೀಲದಲ್ಲಿ ಒಣ ಕಸ. ಹಸಿ ಕಸ ದಿನಾ ಹೋಗುತ್ತದೆ. ಒಣ ಕಸ ನಮ್ಮ ಬೀದಿಯಲ್ಲಿ ವಾರಕ್ಕೆ ಎರಡು ದಿನ. ರಾಶಿ ಬೆಳೆಯುವುದು ಆ ಎರಡು ದಿನ ತಪ್ಪಿಸಿಕೊಂಡಾಗಲೇ. ಹಾಗಾಗಿ ಹಿಂದಿನ ರಾತ್ರಿಯೇ ಚೀಲ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಬರಬೇಕು. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿದ ಮೇಲೆ ಹುಡುಕಲು ಹೊರಟರೆ ಗಾಡಿ ಮುಂದಿನ ತಿರುವಿನಲ್ಲಿರುತ್ತದೆ.

ಉಳಿದದ್ದಕ್ಕೆ 25 ಕೆ.ಜಿ. ಅಕ್ಕಿ ಚೀಲ ಮೂರು ಸಾಕು: ಗುಜರಿಗೆ ಒಂದು, ಕೊಡುವ ಬಟ್ಟೆ ಪಾತ್ರೆಗೆ ಒಂದು, ವೈರು, ಚಾರ್ಜರು, ಕೆಟ್ಟ ಮೊಬೈಲಿನಂಥ ಇ-ತ್ಯಾಜ್ಯಕ್ಕೆ ಒಂದು. ಚೀಲ ದೊಡ್ಡದಾದರೆ ತುಂಬಲು ತಿಂಗಳು ಹಿಡಿಯುತ್ತದೆ, ತುಂಬಿದ ಮೇಲೆ ಎತ್ತಲು ಇನ್ನೊಬ್ಬರು ಬೇಕು. ತುಂಬಿದ ತಕ್ಷಣ ಬಾಯಿಗೆ ಸುತಲಿ ಕಟ್ಟುವುದು. ಕಟ್ಟಿದ ಚೀಲವನ್ನು ಯಾರೂ ಬಿಚ್ಚುವಂತಿಲ್ಲ. ಮನೆಯಲ್ಲಿ ಮಾಡಿಕೊಂಡ ನಿಯಮಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೊಂದೇ. ಇನ್ನು ಗುಜರಿಯ ರೇಟು. ಪಕ್ಕದ ಬೀದಿಯವನು ಕೆ.ಜಿ.ಗೆ ಎರಡು ರೂಪಾಯಿ ಹೆಚ್ಚು ಕೊಡುತ್ತಾನೆಂದು ಕಾಯಬಾರದು. 20 ಕೆ.ಜಿ. ಪೇಪರಿಗೆ ನಲವತ್ತು ರೂಪಾಯಿ ಹೆಚ್ಚು ಸಿಗುತ್ತದೆ, ನಿಜ. ಅದಕ್ಕಾಗಿ ನಡುಮನೆಯ ಮೂಲೆ ಎರಡು ತಿಂಗಳು ಒತ್ತೆ ಬೀಳುತ್ತದೆ.

ಈ ದಾರಿ ಎರಡು ವಾರ ಸರಾಗವಾಗಿ ನಡೆದ ಮೇಲೆ ರೂಢಿಗಳು. ಇಷ್ಟು ಗಂಟೆಗೆ ಎಂದು ಹೊತ್ತು ಗೊತ್ತು ಮಾಡಿಕೊಂಡರೆ ಒಂದು ವಾರ ನಡೆಯುತ್ತದೆ, ಅಷ್ಟೆ. ಹೇಗೂ ಆಗಿಯೇ ತೀರುವ ಕೆಲಸಕ್ಕೆ ಜೋತುಹಾಕಿದರೆ ನಿಲ್ಲುತ್ತದೆ. ಬೆಳಿಗ್ಗೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ಹಾಲು ಉಕ್ಕಲು ಎಂಟು ಹತ್ತು ನಿಮಿಷ ಬೇಕು, ಒಲೆ ಬಿಟ್ಟು ಕದಲುವ ಹಾಗೂ ಇಲ್ಲ. ಆ ಹೊತ್ತಿನಲ್ಲಿ ರಾತ್ರಿ ಬೋರಲು ಹಾಕಿದ ಪಾತ್ರೆ ಒರೆಸಿ ಗೂಡಿಗೆ ಸೇರಿಸುವುದು, ಹಾಲಿನ ಕವರ್ ಕತ್ತರಿಸಿ ತೊಳೆದು ಕ್ಲಿಪ್ಪಿಗೆ ಸಿಕ್ಕಿಸುವುದು. ಕವರಿನ ಮೂಲೆಯ ತುಣುಕನ್ನು ಪೂರ್ತಿ ಬೇರೆ ಮಾಡಬಾರದು. ಅದು ಸಿಂಕಿನ ಜಾಲರಿಗೆ ಹೋಗಿ ಕೂರುತ್ತದೆ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಅಡುಗೆ ಕಟ್ಟೆಯ ಒಂದು ಭಾಗ ಖಾಲಿ ಮಾಡಿ ಒರೆಸಬಹುದು. ಒಣಗಿದ ಬಟ್ಟೆಯನ್ನು ಹಗ್ಗದಿಂದ ತೆಗೆಯುತ್ತಲೇ ಅಲ್ಲೇ ಮಡಚಿ, ಒಬ್ಬೊಬ್ಬರದ್ದು ಒಂದೊಂದು ಅಟ್ಟಿಯಾಗಿ ಒಳಗೆ ತರಬೇಕು. ಗಂಟಾಗಿ ತಂದು ಮಂಚದ ಮೇಲೆ ಸುರಿದರೆ, ರಾತ್ರಿ ಮಲಗುವಾಗ ಆ ಗಂಟು ಕುರ್ಚಿಗೆ ಹೋಗುತ್ತದೆ, ಬೆಳಿಗ್ಗೆ ಮತ್ತೆ ಮಂಚಕ್ಕೆ. ಒಮ್ಮೆ ತೊಟ್ಟು ಇನ್ನೊಮ್ಮೆ ತೊಡಬಹುದಾದ ಬಟ್ಟೆ ಕುರ್ಚಿಯನ್ನು ನುಂಗುವ ಇನ್ನೊಂದು ಪಿಡುಗು. ಅದಕ್ಕೆ ಬಾಗಿಲ ಹಿಂದೆ ಆಳಿಗೆ ಮೂರು ಕೊಕ್ಕೆ ಹೊಡೆಸಿದೆ. ನಾಲ್ಕನೆಯದು ಬಂದರೆ ಮೂರರಲ್ಲಿ ಒಂದು ಒಗೆಯುವ ಬುಟ್ಟಿಗೆ.

ರಾತ್ರಿಯ ಕೆಲಸ ಎರಡೇ. ಮುಸುರೆ ಉಳಿಯಬಾರದು, ಕಟ್ಟೆ ಬರಿದಾಗಿರಬೇಕು. ಹಿರಿಯರಿದ್ದ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಕಸ ಗುಡಿಸಲು ಒಪ್ಪುವುದಿಲ್ಲ. ಆಫೀಸಿನಿಂದ ಬರುವವರಿಗೆ ಸಿಗುವುದು ಆ ಹೊತ್ತೇ. ಇದಕ್ಕಾಗಿ ಜಗಳ ಬೇಡ. ರಾತ್ರಿ ಹತ್ತು ನಿಮಿಷ ನೆಲದ ಮೇಲಿನ ಸಾಮಾನು ಎತ್ತುವುದು ಮಾತ್ರ, ಪೊರಕೆ ಬೆಳಿಗ್ಗೆಗೆ. ನೆಲ ಬರಿದಾಗಿದ್ದರೆ ಎರಡು ರೂಮು, ನಡುಮನೆ, ಅಡುಗೆಮನೆ ಗುಡಿಸಲು ಹನ್ನೆರಡು ನಿಮಿಷ ಸಾಕು. ಸಾಮಾನು ಸರಿಸುತ್ತ ಗುಡಿಸಿದರೆ ಅರ್ಧ ಗಂಟೆಯಾದರೂ ಬೇಕು. ಮನೆಕೆಲಸದವರು ಮೂಲೆ ಬಿಟ್ಟು ಗುಡಿಸುತ್ತಾರೆ ಎಂಬ ದೂರಿನಲ್ಲಿ ಅರ್ಧಕ್ಕೆ ಕಾರಣ ಇದೇ.

ಹಳೆಯ ರಾಶಿಗೆ ದಿನಕ್ಕೆ ಅರ್ಧ ಗಂಟೆ ಇಟ್ಟೆ: ಇಪ್ಪತ್ತು ನಿಮಿಷ ಆರಿಸಲು, ಹತ್ತು ನಿಮಿಷ ಆರಿಸಿದ್ದನ್ನು ಚೀಲಕ್ಕೆ ಹಾಕಿ ನೆಲ ಬರಿದು ಮಾಡಲು. ಈ ಕೊನೆಯ ಹತ್ತು ನಿಮಿಷ ಬಿಟ್ಟರೆ ಕೆಲಸ ಕೆಡುತ್ತದೆ. ಒಂದು ಸಲಕ್ಕೆ ಒಂದು ಡ್ರಾಯರು ಅಥವಾ ಅರ್ಧ ಶೆಲ್ಫು. ಬೀರುವಿನ ಬಟ್ಟೆಯನ್ನೆಲ್ಲ ಮಂಚಕ್ಕೆ ಸುರಿದುಕೊಂಡರೆ ರಾತ್ರಿ ಹತ್ತಕ್ಕೆ ನಿದ್ದೆ ಬರುತ್ತದೆ, ಆರಿಸದೆ ಉಳಿದದ್ದು ಹಾಗೇ ಬೀರುವಿಗೆ ಹೋಗುತ್ತದೆ.

ಶುರು ಮಾಡಬೇಕಾದ ಜಾಗ ಅಡುಗೆಮನೆ. ಅಲ್ಲಿನ ಸಾಮಾನಿಗೆ ನೆನಪುಗಳ ಅಂಟು ಕಡಿಮೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಕವರುಗಳ ಕವರ್ ಮೊದಲು: ದೊಡ್ಡವು ಹತ್ತು, ಸಣ್ಣವು ಹತ್ತು ಇಟ್ಟುಕೊಂಡು ಉಳಿದದ್ದು ಒಣ ಕಸಕ್ಕೆ. ಹೋಟೆಲ್ ಪಾರ್ಸೆಲ್ ಡಬ್ಬಿಗಳಲ್ಲಿ ಮುಚ್ಚಳ ಸರಿಯಾಗಿ ಕೂರುವ ಆರು ಸಾಕು. ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟನ್ನು ಕತ್ತರಿಸಿಯೇ ಎಸೆಯಬೇಕು, ಇಲ್ಲದಿದ್ದರೆ ಯಾರಾದರೂ ಎತ್ತಿಟ್ಟು ಹೊಸದರ ಜೊತೆ ಬೆರೆಸುತ್ತಾರೆ. ಬ್ಲೇಡ್ ಮುರಿದ ಮಿಕ್ಸಿ ಜಾರಿಗೆ ಒಂದು ತಿಂಗಳ ಗಡುವು. ಅಷ್ಟರಲ್ಲಿ ರಿಪೇರಿಗೆ ಹೋಗದಿದ್ದರೆ ಗುಜರಿಗೆ. ಔಷಧಿ ಡಬ್ಬ ಸ್ವಲ್ಪ ತಲೆನೋವು ಕೊಡುತ್ತದೆ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ದಿನಾಂಕವಿರುವ ತುದಿ ಅಲ್ಲೇ ಉಳಿದಿರುತ್ತದೆ. ದಿನಾಂಕ ಕಾಣದ್ದು ಇಟ್ಟುಕೊಳ್ಳಬಾರದು. ಅವಧಿ ಮೀರಿದ ಔಷಧಿ, ಬಲ್ಬು, ಬ್ಯಾಟರಿ, ಪೇಂಟ್ ಡಬ್ಬ ಇವು ಘನತ್ಯಾಜ್ಯ ನಿಯಮಗಳ ಲೆಕ್ಕದಲ್ಲಿ ಬೇರೆಯಾಗಿಯೇ ಕೊಡಬೇಕಾದ ತ್ಯಾಜ್ಯ. ಬೇರೆ ಪೊಟ್ಟಣ ಕಟ್ಟಿ, ಬಾಯಲ್ಲಿ ಹೇಳಿಯೇ ಕೊಡಬೇಕು.

ಕಾಗದ ಅತಿ ನಿಧಾನ. ಕ್ರಯಪತ್ರ, ಖಾತಾ, ಇ.ಸಿ. (ಋಣಭಾರ ಪತ್ರ), ಆಸ್ತಿ ತೆರಿಗೆ ರಸೀದಿ, ಅಂಕಪಟ್ಟಿ, ಜನನ ಮರಣ ಪತ್ರ ಇವು ಎಂದೆಂದಿಗೂ ಇರಬೇಕು. ಒಂದೇ ಫೈಲು, ಒಂದೇ ಜಾಗ. ಆದಾಯ ತೆರಿಗೆ ಕಾಗದ ನಾನು ಎಂಟು ವರ್ಷ ಇಡುತ್ತೇನೆ. ಕರೆಂಟು, ನೀರು, ಫೋನ್ ಬಿಲ್ಲು ಮುಂದಿನ ಬಿಲ್ಲು ಬರುವ ತನಕ ಸಾಕು. ಆಧಾರ್ ಜೆರಾಕ್ಸುಗಳ ಕಂತೆ ಸಿಕ್ಕರೆ ಎರಡು ಇಟ್ಟುಕೊಂಡು, ಉಳಿದದ್ದನ್ನು ನಂಬರಿನ ಮೇಲೆ ಅಡ್ಡ ಹರಿದು ಹಾಕಬೇಕು. ಪುಸ್ತಕ ಗುಜರಿಗೆ ಹಾಕುವ ಮುಂಚೆ ಬೆನ್ನು ಹಿಡಿದು ಕೊಡವಿ: ನೋಟು, ರಸೀದಿ, ಎಫ್.ಡಿ. ಬಾಂಡು ಬೀಳುವುದು ಉಂಟು. ಮದುವೆ ಕರೆಯೋಲೆ ಕೂಡಿಡಲು ನಿಜವಾದ ಕಾರಣ ಅದರ ಮೇಲಿನ ಗಣಪತಿಯಲ್ಲ, ಮುಯ್ಯಿಯ ಲೆಕ್ಕ. ಯಾರ ಮದುವೆ, ಯಾವ ತಾರೀಕು, ಎಷ್ಟು ಬರೆಸಿದೆವು ಎಂದು ಒಂದು ನೋಟುಬುಕ್ಕಿಗೆ ಇಳಿಸಿದರೆ ಕರೆಯೋಲೆಯ ಕೆಲಸ ಮುಗಿಯಿತು. ದೇವರ ಚಿತ್ರವಿರುವ ಬರಿ ಕಾಗದವನ್ನು ಬಕೆಟ್ಟಿನಲ್ಲಿ ಎರಡು ದಿನ ನೆನೆಸಿ, ಕಲಸಿ ಗಿಡದ ಬುಡಕ್ಕೆ ಹಾಕುತ್ತೇನೆ. ಪ್ಲಾಸ್ಟಿಕ್ ಮೆತ್ತಿದ ಹೊಳೆಯುವ ಕರೆಯೋಲೆಗೆ ಇದು ನಡೆಯುವುದಿಲ್ಲ. ಕಟ್ಟು ಹಾಕಿಸಿದ ಒಡೆದ ಫೋಟೋಗಳನ್ನು ಅಶ್ವತ್ಥಕಟ್ಟೆಗೆ ಒರಗಿಸಿ ಬರುವುದು ನಮ್ಮ ರಾಶಿಯನ್ನು ಊರಿಗೆ ಹಂಚಿದಂತೆ, ಅಷ್ಟೆ. ಕಟ್ಟು, ಗಾಜು, ಚಿತ್ರ ಮೂರನ್ನೂ ಬಿಡಿಸಿ, ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆದು ಕೊಡಬೇಕು.

ತಾಂಬೂಲದಲ್ಲಿ ಬಂದ ರವಿಕೆ ಕಣಗಳನ್ನು ಹನ್ನೆರಡಕ್ಕೆ ಇಳಿಸಿ, ಒಂದೊಂದಕ್ಕೂ ಕೊಟ್ಟವರ ಹೆಸರಿನ ಚೀಟಿ ಸಿಕ್ಕಿಸಿದೆ. ಕೊಟ್ಟವರಿಗೇ ತಿರುಗಿ ಹೋದರೆ ವರ್ಷಗಟ್ಟಲೆ ಮಾತಾಗುತ್ತದೆ.

ಅಟ್ಟಕ್ಕೆ ಇಬ್ಬರು ಬೇಕು, ಒಬ್ಬರು ಏಣಿ ಹಿಡಿಯಲು. ಒಮ್ಮೆಗೆ ಒಂದೇ ರಟ್ಟಿನ ಡಬ್ಬ ಇಳಿಸಿ, ಅದು ಮುಗಿದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಗೋಡೆಗೆ ಒತ್ತಿಟ್ಟ ಡಬ್ಬಗಳ ಹಿಂದೆ ಬೂಸ್ಟು ಹಿಡಿದಿರುತ್ತದೆ. ಮತ್ತೆ ಇಡುವಾಗ ಗೋಡೆಗೂ ಡಬ್ಬಕ್ಕೂ ನಾಲ್ಕು ಬೆರಳು ಜಾಗ ಬಿಡಬೇಕು, ರಟ್ಟಿನ ಬದಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಬಳಸಬೇಕು. ಇಲಿ ಹಿಕ್ಕೆ ಕಂಡರೆ ಒಣ ಪೊರಕೆ ಮುಟ್ಟಿಸಬೇಡಿ, ಧೂಳಿನ ಜೊತೆ ರೋಗಾಣು ಏಳುತ್ತವೆ. ಗ್ಲೌಸು ಹಾಕಿ, ಒಂದು ಭಾಗ ದ್ರವ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಪೇಪರಿನಿಂದ ಒರೆಸಿ ತೆಗೆಯಬೇಕು. ಆ ನೀರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಯಲೇ ಕೂಡದು; ಕ್ಲೋರಿನ್ ಅನಿಲ ಬರುತ್ತದೆ.

ಬೇಕೋ ಬೇಡವೋ ತೋಚದ ವಸ್ತುವಿಗೆ ಒಂದೇ ಒಂದು ಡಬ್ಬ. ಟೇಪು ಸುತ್ತಿ, ಆರು ತಿಂಗಳ ಮುಂದಿನ ತಾರೀಕನ್ನು ಮಾರ್ಕರಿನಲ್ಲಿ ಬರೆದಿಡುವುದು. ಅಷ್ಟರೊಳಗೆ ಯಾವುದಾದರೂ ಬೇಕಾಯಿತೆಂದು ಹುಡುಕಿದರೆ ಸರಿ, ಅದನ್ನು ತೆಗೆದುಕೊಳ್ಳಬಹುದು. ತಾರೀಕು ಬಂದ ದಿನ ‘ಒಳಗೇನಿದೆ ನೋಡೋಣ’ ಎಂದು ಬಿಚ್ಚಿದರೆ ಆರು ತಿಂಗಳೂ ದಂಡ.

ಇಷ್ಟೂ ನಡೆಯುವುದು ಸೋಮಾರಿತನದಿಂದಲೋ ಪುರುಸೊತ್ತಿಲ್ಲದೆಯೋ ತುಂಬಿದ ಮನೆಯಲ್ಲಿ. ಕೂಡಿಡುವ ಗೀಳು ಬೇರೆ. ಖಾಲಿ ಬಾಟಲಿ, ಹರಿದ ಚೀಲ ಬಿಡುವುದಕ್ಕೂ ಸಂಕಟ, ಮಂಚದಲ್ಲಿ ಮಲಗಲಾಗದು, ಒಲೆಯ ಬಳಿ ನಿಲ್ಲಲಾಗದು ಎಂಬ ಹಂತ ಬಂದರೆ ಅದು ಸ್ವಭಾವದ ಮಾತಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದನ್ನು ಒಸಿಡಿ (ಗೀಳು ಕಾಯಿಲೆ) ಗುಂಪಿನೊಳಗೇ ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲೂ ಇದೆ. ಇಂಥವರನ್ನು ಊರಿಗೆ ಕಳಿಸಿ ಮನೆ ಖಾಲಿ ಮಾಡಿಸುವುದು ಮಾಡಬಾರದ ಕೆಲಸ. ಮನೆ ಮತ್ತೆ ತುಂಬುತ್ತದೆ, ಹೋದ ನಂಬಿಕೆ ಮಾತ್ರ ವಾಪಸ್ ಬರುವುದಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಚಿಕಿತ್ಸೆ ನಡೆಯುತ್ತಿರುವಾಗ ಮನೆಯವರು ನೋಡಿಕೊಳ್ಳಬೇಕಾದ್ದು ಚೊಕ್ಕತನವನ್ನಲ್ಲ, ಅಪಾಯವನ್ನು. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮುಂಬಾಗಿಲಿಗೆ ಎರಡೂವರೆ ಅಡಿ ಅಗಲದ ದಾರಿ. ಸಿಲಿಂಡರು, ರೆಗ್ಯುಲೇಟರು, ಟ್ಯೂಬು ಕಣ್ಣಿಗೆ ಕಾಣಬೇಕು. ಟ್ಯೂಬಿಗೆ ಐದು ವರ್ಷವಾಗಿದ್ದರೆ ಬದಲಿಸಬೇಕು. ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚಿನ ಡಬ್ಬಕ್ಕೆ ಕೈ ಎಟುಕಬೇಕು. ಎದೆಮಟ್ಟಕ್ಕಿಂತ ಎತ್ತರದ ಪೇಪರ್ ಕಂತೆ ಇದ್ದರೆ ಎರಡು ಮಾಡಬೇಕು, ಎಸೆಯದಿದ್ದರೂ ಸರಿ. ಮಾತಿನಲ್ಲೂ ಒಂದು ಹದವಿದೆ. “ಅತ್ತೆ, ಇದರಲ್ಲಿ ಯಾವುದು ಎಸೀಲಿ?” ಎಂದರೆ ಒಂದೂ ಇಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. “ಈ ಶೆಲ್ಫು ನಿಮ್ದು ಅತ್ತೆ, ಇದರಲ್ಲಿ ಹಿಡಿಯೋಷ್ಟು ಚೆನ್ನಾಗಿರೋದು ಆರಿಸಿಕೊಡ್ತೀರಾ?” ಎಂದರೆ ಕೈ ಮುಂದೆ ಬರುತ್ತದೆ. ದಿನಕ್ಕೆ ಐದು ವಸ್ತು ಸಾಕು, ಆರಿಸುವ ಕೈ ಅವರದ್ದೇ ಆಗಿರಬೇಕು.

ಒಳಬರುವ ದಾರಿಗೂ ಕಾವಲು ಬೇಕು. ಆನ್‌ಲೈನ್ ಸಾಮಾನಿನ ಡಬ್ಬವನ್ನು ಬಾಗಿಲಲ್ಲೇ ಬಿಚ್ಚಿ ಚಪ್ಪಟೆ ಮಾಡುವುದು. ವಾಪಸ್ ಮಾಡುವ ಗಡುವಿನ ತನಕ ಇಡಬೇಕಾದದ್ದಕ್ಕೆ ಆ ತಾರೀಕು ಬರೆಯುವುದು. ಊರಿನಿಂದ ಬಂದ ದಿನ ಇನ್ನೂ ಹುಷಾರು. ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ ಭರಣಿ, ಹಲಸಿನಹಣ್ಣು ತುಂಬಿದ ಚೀಲಗಳು ನಡುಮನೆಯಲ್ಲಿ ಒಂದು ರಾತ್ರಿ ಕಳೆದರೆ ಹದಿನೈದು ದಿನ ಅಲ್ಲೇ. ಎಷ್ಟೇ ಆಯಾಸವಿದ್ದರೂ ಅಂದೇ ಬಿಚ್ಚಿ, ಹಪ್ಪಳ ಡಬ್ಬಕ್ಕೆ, ಕಾಯಿ ಬುಟ್ಟಿಗೆ. ಖಾಲಿ ಗೋಣಿಚೀಲವನ್ನು ಬಾಲ್ಕನಿಯಲ್ಲಿ ಕೊಡವಿ, ಮಡಚಿ, ಮುಂದಿನ ಸಲ ಊರಿಗೆ ಹೋಗುವ ಬ್ಯಾಗಿನ ತಳಕ್ಕೆ ಆಗಲೇ ಹಾಕಿಬಿಡಬೇಕು.