ಮೊದಲು ಬಲಗೈ, ಆಮೇಲೆ ಪಾದ

ಹುಟ್ಟಿ 24 ಗಂಟೆ ದಾಟಿದ ಮಗುವಿಗೆ ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಹಾಕಿ, ಹುಟ್ಟಿನಿಂದಲೇ ಹೃದಯದ ದೋಷವಿದೆಯೇ ಎಂದು ನೋಡುವಾಗ ನಾನು ಮೊದಲು ಹಿಡಿಯುವುದು ಬಲಗೈಯನ್ನೇ. ಎಡಗೈ ನಡೆಯುವುದಿಲ್ಲ. ಆಮೇಲೆ ಒಂದು ಪಾದ, ಯಾವುದಾದರೂ ಸರಿ. ಕಾರಣ ಇರುವುದು ಹೊಟ್ಟೆಯೊಳಗಿದ್ದಾಗ ರಕ್ತ ಹರಿಯುತ್ತಿದ್ದ ದಾರಿಯಲ್ಲಿ.

ಅಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ, ಒಳಗೆಲ್ಲ ನೀರು. ಆಮ್ಲಜನಕ ಕೊಡುವುದು ಮಾಸು. ಹೊಕ್ಕುಳಬಳ್ಳಿಯ ಒಂದು ಅಭಿಧಮನಿಯಲ್ಲಿ ಬಂದ ಒಳ್ಳೆಯ ರಕ್ತದ ಒಂದು ಪಾಲು ಹೃದಯ ತಲುಪಿ, ಫೊರಾಮೆನ್ ಓವೇಲ್ ಎಂಬ ಕಿಂಡಿಯಲ್ಲಿ ಎಡಗಡೆಗೆ ದಾಟಿ ಮಿದುಳಿನತ್ತ ಹೋಗುತ್ತದೆ. ಬಲ ಹೃತ್ಕುಕ್ಷಿ ತಳ್ಳಿದ ರಕ್ತದಲ್ಲಿ ಹೆಚ್ಚಿನದು ಶ್ವಾಸಕೋಶಕ್ಕೆ ಹೋಗದೆ ಡಕ್ಟಸ್ ಆರ್ಟೀರಿಯೋಸಸ್ ಎಂಬ ಅಡ್ಡನಾಳ ಹಿಡಿದು ಮಹಾಪಧಮನಿಗೆ ಸೇರುತ್ತದೆ.

ಮಗು ಅತ್ತು ಗಾಳಿ ಎಳೆದುಕೊಂಡರೆ ಶ್ವಾಸಕೋಶದ ನಾಳಗಳು ಸಡಿಲಾಗುತ್ತವೆ. ಎಡ ಹೃತ್ಕರ್ಣಕ್ಕೆ ರಕ್ತ ಹೆಚ್ಚಾಗಿ, ಆ ಒತ್ತಡಕ್ಕೆ ಕಿಂಡಿಯ ಪೊರೆ ಮುಚ್ಚಿಕೊಳ್ಳುತ್ತದೆ. ಅಡ್ಡನಾಳಕ್ಕೆ ಆತುರವಿಲ್ಲ: ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಅದು ಬಿಗಿದುಕೊಳ್ಳಲು ಒಂದರಿಂದ ಮೂರು ದಿನ, ನಾರಾಗಲು ಎರಡು ಮೂರು ವಾರ. ಹುಟ್ಟಿದ ತಕ್ಷಣ ಆಕ್ಸಿಮೀಟರಿನಲ್ಲಿ ಶೇಕಡಾ 95 ಕಾಣಲಿಲ್ಲವೆಂದು ಗಾಬರಿಯಾಗಬಾರದು. ಮೊದಲ ನಿಮಿಷಕ್ಕೆ 60–65, ಐದನೆಯ ನಿಮಿಷಕ್ಕೆ 80–85 ಇದ್ದರೆ ಸಾಕು.

ಬಲಗೈಗೆ ಹೋಗುವ ನಾಳ ಅಡ್ಡನಾಳ ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ, ಪಾದದ ರಕ್ತ ಅದನ್ನು ದಾಟಿ ಬರುತ್ತದೆ. ಎಡಗೈಯ ನಾಳ ಆ ಸೇರುವೆಯ ಪಕ್ಕದಲ್ಲೇ ಇರುವುದರಿಂದ ನಂಬುವಂತಿಲ್ಲ. ಕೈ, ಕಾಲು ಎರಡರಲ್ಲೂ 95 ಅಥವಾ ಹೆಚ್ಚು, ನಡುವಿನ ಅಂತರ 3ರೊಳಗೆ ಇದ್ದರೆ ಸರಿ. ಯಾವುದಾದರೂ ಒಂದು 90ಕ್ಕಿಂತ ಕಡಿಮೆಯಾದರೆ ಕಾಯುವುದಿಲ್ಲ, ಆಗಲೇ ಮಕ್ಕಳ ವೈದ್ಯರನ್ನು ಕರೆಯುವುದು. ನಡುವೆ ಸಿಕ್ಕಿಕೊಂಡರೆ ಒಂದು ಗಂಟೆ ಬಿಟ್ಟು ಮತ್ತೆ. ಕೈಗಿಂತ ಪಾದದಲ್ಲಿ ಹೆಚ್ಚು ಬಂದರೆ ಕೆಲವರು ಸಮಾಧಾನಪಡುತ್ತಾರೆ. ಆದರೆ ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾದ ದೋಷವಿರುವ ಕೆಲವು ಮಕ್ಕಳಲ್ಲಿ ಹಾಗೇ ಆಗುವುದು.

ತಪ್ಪು ಅಂಕಿಗೆ ಹೆಚ್ಚಿನ ಸಲ ಹೃದಯ ಕಾರಣವಲ್ಲ, ತಣ್ಣಗಿನ ಪಾದ ಕಾರಣ. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ. ದೃಷ್ಟಿಗೆಂದು ಅಂಗಾಲಿಗೆ ಕಾಡಿಗೆ ಬೊಟ್ಟು ಇಟ್ಟಿದ್ದರೆ ಒರೆಸಿ ಹಾಕಬೇಕು, ಕಪ್ಪು ಬೆಳಕನ್ನು ಹೀರಿಬಿಡುತ್ತದೆ. ಸೆನ್ಸರಿನ ದೀಪ ಮತ್ತು ಅದನ್ನು ಓದುವ ಕಣ್ಣು ಪಾದದ ಎರಡು ಬದಿಗೆ ಎದುರುಬದುರು ಕೂರಬೇಕು. ಕಾಮಾಲೆಗೆ ನೀಲಿ ದೀಪ ಉರಿಯುತ್ತಿದ್ದರೆ ಮೇಲೊಂದು ಬಟ್ಟೆ ಮುಚ್ಚಿ. ಅಳುವ ಮಗುವಿನ ಅಂಕಿ ಬರೆಯಲೇಬೇಡಿ. ಹಾಲು ಕುಡಿದು ಮಲಗಿ, ಪರದೆಯ ಮೇಲೆ ನಾಡಿಯ ಅಲೆ ಒಂದೇ ಸಮನೆ ಓಡಲಿ.

ಅಡ್ಡನಾಳವನ್ನೇ ನಂಬಿ ಬದುಕಿರುವ ಹೃದಯದ ದೋಷವೆಂದು ವೈದ್ಯರಿಗೆ ಅನುಮಾನ ಬಂದರೆ ಪ್ರೊಸ್ಟಾಗ್ಲಾಂಡಿನ್ ಇ1 ಹನಿಸಿ ನಾಳವನ್ನು ತೆರೆದಿಡುತ್ತಾರೆ. ಆ ಮದ್ದಿಗೆ ಮಗು ಉಸಿರು ನಿಲ್ಲಿಸಬಹುದು. ಬೇರೆ ಆಸ್ಪತ್ರೆಗೆ ಕಳಿಸುವಾಗ ಆಂಬುಲೆನ್ಸಿನಲ್ಲಿ ಒತ್ತಿ ಉಸಿರು ಕೊಡುವ ಚೀಲ-ಮಾಸ್ಕ್ ಕೈಗೆಟಕುವಲ್ಲಿರಬೇಕು, ಅದನ್ನು ಒತ್ತಲು ಬರುವವರೂ ಜೊತೆಗಿರಬೇಕು.

ಮಹಾಪಧಮನಿ ಕಿರಿದಾಗಿರುವ ದೋಷ ಈ ಪರೀಕ್ಷೆಯ ಕಣ್ಣು ತಪ್ಪಿಸಬಲ್ಲದು. ಅದಕ್ಕೇ ಮನೆಗೆ ಕಳಿಸುವ ಮುಂಚೆ ಎರಡೂ ತೊಡೆಸಂದಿಯ ನಾಡಿಯನ್ನು ಬೆರಳಿಟ್ಟು ನೋಡಿಯೇ ಚೀಟಿ ಬರೆಯುವುದು.