ಕರಿಬೇವಿನ ಹುಳು, ಕಮಟು ಕೊಂಬು

ಹಿತ್ತಿಲಿನ ಕರಿಬೇವಿಗೆ ಹುಳು ಬಿದ್ದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಉಪಾಯ: ಕಡ್ಡಿಯಲ್ಲಿ ಎತ್ತಿ ಬೇಲಿಯಾಚೆ ಎಸೆಯುವುದು. ಎರಡು ಮಳೆಗಾಲದ ಹಿಂದೆ ಹಾಗೆ ಎಸೆಯಲು ಹೋದಾಗ ಒಂದು ದಪ್ಪ ಹಸಿರು ಹುಳು ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲುಕೊಂಬನ್ನು ಚಾಚಿತು. ನೋಡಲು ಥೇಟ್ ಹಾವಿನ ನಾಲಿಗೆ. ಮರುಕ್ಷಣ ಮೂಗಿಗೆ ಅಡರಿದ ನಾತಕ್ಕೆ ಕಡ್ಡಿ ಕೈಬಿಟ್ಟಿತು. ಅಡುಗೆಮನೆಯಿಂದ ಬಂದ ಅಮ್ಮ ಮೂಸಿ, “ಬೆಣ್ಣೆ ಕಮಟು ಹಿಡಿದ ಹಾಗಿದೆಯಲ್ಲೋ” ಎಂದರು.

ಅಮ್ಮನ ಮೂಗು ತಪ್ಪಿರಲಿಲ್ಲ. ಅದು ನಿಂಬೆ ಚಿಟ್ಟೆಯ ಮರಿ. ಬಲಿತ ಹುಳುವಿನ ಕೊಂಬಿನಲ್ಲಿರುವುದು ಮುಖ್ಯವಾಗಿ ಐಸೊಬ್ಯುಟಿರಿಕ್ ಆಮ್ಲ ಮತ್ತು ಅದರ ಹತ್ತಿರದ ಸಂಬಂಧಿಯಾದ ಇನ್ನೊಂದು ಆಮ್ಲ. ಕೆಟ್ಟ ಬೆಣ್ಣೆಗೆ ನಾತ ಕೊಡುವ ಬ್ಯುಟಿರಿಕ್ ಆಮ್ಲವೂ ಅದೇ ಕುಲದ್ದು. ಈ ಕೊಂಬಿಗೆ ಆಸ್ಮಟೀರಿಯಂ ಎಂದು ಹೆಸರು. ಮಾಮೂಲಿಗೆ ಅದು ಒಳಮಗುಚಿದ ಚೀಲದಂತೆ ತಲೆಯ ಹಿಂದೆ ಅಡಗಿರುತ್ತದೆ. ಮುಟ್ಟಿದೊಡನೆ ಮೈಯೊಳಗಿನ ದ್ರವದ ಒತ್ತಡಕ್ಕೆ ಹೊರಗೆ ಚಿಮ್ಮುತ್ತದೆ.

ಅಂದಿನಿಂದ ಸಾಕಲು ಶುರುಮಾಡಿದೆ. ಮೊದಲ ಸಲ ಎಲ್ಲವೂ ಸತ್ತವು. ಸಂತೆಯಿಂದ ತಂದ ಕರಿಬೇವು ಹಾಕಿದ್ದೆ. ಅದಕ್ಕೆ ಔಷಧಿ ಹೊಡೆದಿದ್ದರೆಂದು ಕಾಣುತ್ತದೆ. ಆಮೇಲೆ ಹಿತ್ತಿಲಿನ ಎಲೆಯೇ ಗತಿ. ಸಣ್ಣ ಶೀಶೆಯಲ್ಲಿ ನೀರು ತುಂಬಿ ರೆಂಬೆ ನಿಲ್ಲಿಸಿ, ಹುಳುಗಳು ನೀರಿಗೆ ಬೀಳದಂತೆ ಬಾಯಿಗೆ ಹತ್ತಿ ತುರುಕಿ, ಅಗಲ ಬಾಯಿಯ ಗಾಜಿನ ಭರಣಿಯಲ್ಲಿಟ್ಟೆ. ಅಡಿಗೆ ಹಳೆಯ ಪತ್ರಿಕೆ, ದಿನಕ್ಕೊಮ್ಮೆ ಹಿಕ್ಕೆ ಕೊಡವಬೇಕು.

ಹಿಕ್ಕೆ ಎಂದಾಗ ನೆನಪಾಯಿತು: ಈ ಹುಳು ಮೊದಲ ನಾಲ್ಕು ಹಂತಗಳಲ್ಲಿ ಹಕ್ಕಿಯ ಹಿಕ್ಕೆಯಂತೆಯೇ ಇರುತ್ತದೆ, ಕಂದು ಮೈಗೆ ಬಿಳಿ ಪಟ್ಟೆ. ನಾಲ್ಕನೆಯ ಸಲ ಪೊರೆ ಕಳಚಿದ ಮೇಲೆ ಹಸಿರಾಗುತ್ತದೆ. ನನಗೆ ಮೋಜೆನಿಸಿದ್ದು, ವೇಷದ ಜೊತೆಗೆ ನಾತವೂ ಬದಲಾಗುವುದು. ಮರಿಯಾಗಿದ್ದಾಗ ಹುಲ್ಲುಕಡ್ಡಿಯಿಂದ ತಟ್ಟಿದರೆ ಬರುತ್ತಿದ್ದುದು ಹಸಿ ಎಲೆ ಜಜ್ಜಿದಂಥ ಘಾಟು, ಅದು ಗಿಡಗಳ ಘಮಕ್ಕೆ ಕಾರಣವಾಗುವ ಟರ್ಪೀನು ಎಂಬ ರಾಸಾಯನಿಕಗಳದ್ದು. ಕಮಟು ಬರುವುದು ಹಸಿರಾದ ಮೇಲೆಯೇ.

ಒಂದು ಮಧ್ಯಾಹ್ನ ಮಾವಿನ ಮರದಿಂದ ಚಗಳಿ ಇರುವೆಯೊಂದನ್ನು ಕಡ್ಡಿಗೆ ಹತ್ತಿಸಿಕೊಂಡು ಬಂದು ಹುಳುವಿನ ಎಲೆಯ ಮೇಲೆ ಬಿಟ್ಟೆ. ಇರುವೆ ಬೆನ್ನ ಮೇಲೆ ಹಲ್ಲೂರಿತು. ಹುಳು ಮುಂಭಾಗವನ್ನು ಬಿಲ್ಲಿನಂತೆ ಬಾಗಿಸಿ, ಕೊಂಬನ್ನು ನೇರವಾಗಿ ಇರುವೆಯ ಮುಖಕ್ಕೆ ಒರೆಸಿತು. ಚಗಳಿಯೇನು ಕಡಿಮೆಯದಲ್ಲ, ಫಾರ್ಮಿಕ್ ಆಮ್ಲ ಚಿಮ್ಮಿಸುವ ಜಾತಿ. ಆದರೂ ಹಿಡಿತ ಬಿಟ್ಟು ಹಿಂದೆ ಸರಿದು, ಎಲೆಯ ಅಂಚಿನಲ್ಲಿ ನಿಂತು, ಮೀಸೆಗಳನ್ನು ಮುಂಗಾಲಿನಿಂದ ಎಳೆದೆಳೆದು ಒರೆಸಿಕೊಂಡಿತು. ಕೊಂಬು ಒಳಗೆ ಹೋಯಿತು, ಹುಳು ಮತ್ತೆ ಎಲೆ ಕಡಿಯತೊಡಗಿತು.

ಗಿಡದ ಮೇಲೆಯೇ ಬಿಟ್ಟಿದ್ದ ಇನ್ನೊಂದು ಹುಳುವನ್ನು ಮಡಿವಾಳ ಹಕ್ಕಿ ಬಂದು ಎತ್ತಿಕೊಂಡು ಹೋಯಿತು. ಕೊಂಬು ಚಾಚಿದ್ದನ್ನು ನಾನೇ ಕಂಡೆ. ಹಕ್ಕಿ ಕ್ಯಾರೇ ಎನ್ನಲಿಲ್ಲ. ಇರುವೆ, ಜೇಡಗಳಂಥ ಸಣ್ಣ ಶತ್ರುಗಳಿಗೆ ತಾಗುವಷ್ಟು ಈ ಅಸ್ತ್ರ ಹಕ್ಕಿಗೆ ತಾಗುವುದಿಲ್ಲ. ಹಿಕ್ಕೆಯ ವೇಷ ಯಾರಿಗಾಗಿ ಎಂಬುದು ಆಗ ಹೊಳೆಯಿತು.

ನನ್ನ ಒಂದು ತಪ್ಪನ್ನೂ ಹೇಳಬೇಕು. ಮನೆಗೆ ಬಂದ ಮಕ್ಕಳಿಗೆಲ್ಲ ಕೊಂಬು ತೋರಿಸುವ ಚಪಲಕ್ಕೆ ಒಂದೇ ಹುಳುವನ್ನು ದಿನವಿಡೀ ತಟ್ಟುತ್ತಿದ್ದೆ. ಸಂಜೆಯ ಹೊತ್ತಿಗೆ ಕೊಂಬು ಬಂದರೂ ನಾತವಿರುತ್ತಿರಲಿಲ್ಲ, ಬರಿದಾಗಿರುತ್ತಿತ್ತು. ಈಗ ಒಂದು ಹುಳುವಿಗೆ ದಿನಕ್ಕೆ ಒಂದೇ ಸಲ.

ಕಳೆದ ವರ್ಷ ಮೂರು ಹುಳುಗಳು ಕೋಶ ಕಟ್ಟಿದವು. ಕೋಶಕ್ಕೆ ಕೊಂಬಿಲ್ಲ, ನಾತವಿಲ್ಲ, ಓಡುವ ಕಾಲೂ ಇಲ್ಲ. ಭರಣಿಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ. ಎರಡು ಕೋಶಗಳು ಒಡೆದು ಚಿಟ್ಟೆಗಳು ಬಂದವು. ಮೂರನೆಯದು ಕಂದುಗಟ್ಟಿತು, ಒಂದು ಬೆಳಗ್ಗೆ ಅದರ ಮೈಯಲ್ಲಿ ಸೂಜಿಮೊನೆಯಷ್ಟು ತೂತು, ಭರಣಿಯ ಗೋಡೆಯ ತುಂಬ ಎಳ್ಳಿಗಿಂತ ಚಿಕ್ಕ ಕಣಜಗಳು. ಹುಳು ಪೊರೆ ಕಳಚಿ ಕೋಶದ ಮೈ ಇನ್ನೂ ಮೆತ್ತಗಿದ್ದಾಗ ತಾಯಿ ಕಣಜ ಪರದೆಯ ಕಣ್ಣಿನಿಂದ ನುಸುಳಿ ಮೊಟ್ಟೆಯಿಟ್ಟಿರಬೇಕು.

ಈ ವರ್ಷ ಪರದೆ ತೆಗೆದು ಅಮ್ಮನ ಹಳೆಯ ವಾಯಿಲ್ ಸೀರೆಯ ತುಂಡನ್ನು ಕಟ್ಟಿದ್ದೇನೆ. ಒಗ್ಗರಣೆಗೆ ಕರಿಬೇವು ಕೀಳುವ ಮುನ್ನ ಎಲೆಯ ಅಡಿಯನ್ನು ತಿರುಗಿಸಿ ನೋಡುವುದು ಈಗ ಅಮ್ಮನಿಗೇ ರೂಢಿಯಾಗಿದೆ.