ಮೀನಿನ ಗಾಡಿ ಎರಡನೇ ಸಲ ಬಂದಾಗ

ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಹತ್ತಿರ ನನ್ನದೊಂದು ಸಣ್ಣ ವೆಲ್ಡಿಂಗ್ ಶೆಡ್ ಇದೆ. ಮಲ್ಪೆಯಿಂದ ಮೀನು ತರುವ ಮಿನಿ ಲಾರಿಯೊಂದು ಬಂತು, ಹಿಂದಿನ ಬಾಗಿಲು ಕೂರುತ್ತಿಲ್ಲ ಅಂತ. ಹಿಂಜ್ ಸರಿಮಾಡಿ, ಬಾಗಿಲಿನ ಅಂಚನ್ನು ಗ್ರೈಂಡರ್‌ನಲ್ಲಿ ಉಜ್ಜಿ ಕಳಿಸಿದೆ. ಹದಿನೈದು ದಿನಕ್ಕೆ ಅದೇ ಗಾಡಿ, ಅದೇ ಬಾಗಿಲು. "ಇನ್ನೊಂಚೂರು ಉಜ್ಜಿ ಕೊಡಣ್ಣ, ರಾತ್ರಿ ಲೋಡಿಗೆ ಹೋಗ್ಬೇಕು" ಅಂದ ಡ್ರೈವರ್.

ಉಜ್ಜಿಯೇ ಕೊಡುತ್ತಿದ್ದೆನೋ ಏನೋ. ಆದರೆ ಆ ವಾರವೇ ತೈವಾನಿನ ಒಂದು ವಿಮಾನದ ಕಥೆ ಓದಿದ್ದೆ. 1981ರ ಆಗಸ್ಟ್ 22, ಫಾರ್ ಈಸ್ಟರ್ನ್ ಕಂಪನಿಯ ಬೋಯಿಂಗ್ 737. ಬೆಳಿಗ್ಗೆ ಹಾರಿದ ಸ್ವಲ್ಪ ಹೊತ್ತಿಗೇ ಒಳಗೆ ಗಾಳಿಯ ಒತ್ತಡ ನಿಲ್ಲದೆ ತೈಪೆಗೆ ವಾಪಸ್ ಬಂದಿತ್ತು. ರಿಪೇರಿ ಮಾಡಿ ಅದೇ ದಿನ ಮತ್ತೆ ಹಾರಿಸಿದರು. 14 ನಿಮಿಷಕ್ಕೆ ಆಕಾಶದಲ್ಲೇ ಚೂರಾಯಿತು, 110 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಟ್ಟೆಯ ಕೆಳಗಿನ ತಗಡು ತುಕ್ಕಿಗೆ ತೂತು ಬಿದ್ದು, ಬಿರುಕು ಬಿಟ್ಟಿತ್ತಂತೆ. ಅದರಲ್ಲಿ ಮೀನು ಸಾಗಿಸುತ್ತಿದ್ದರು, ಉಪ್ಪುನೀರು ಕೆಳಗಿಳಿದಿತ್ತು ಅಂತಾರೆ. ವಿಮಾನದ್ದು ಅಲ್ಯೂಮಿನಿಯಂ, ನಮ್ಮ ಕಬ್ಬಿಣದ ಹಾಗೆ ಕೆಂಪಾಗುವುದಿಲ್ಲ, ಪದರ ಪದರವಾಗಿ ಉಬ್ಬಿ ಏಳುತ್ತದೆ. ಮೇಲೆ ಹೋದಾಗಲೆಲ್ಲ ಒಳಗಿನ ಗಾಳಿ ಬಲೂನಿನ ಹಾಗೆ ತಗಡನ್ನು ಹೊರಗೆ ತಳ್ಳುತ್ತದೆ, ತೆಳುವಾದ ಜಾಗ ಎಷ್ಟು ದಿನ ತಡೆದೀತು ಹೇಳಿ.

ಬಾಗಿಲು ಬಿಟ್ಟು ನೆಲದ ಚೆಕ್ಕರ್ ಪ್ಲೇಟ್ ಬಿಚ್ಚು ಅಂದೆ ಹುಡುಗನಿಗೆ. ವಾಸನೆ ಕೇಳಬೇಡಿ! ನೀರು ಹೋಗುವ ತೂತುಗಳಲ್ಲೆಲ್ಲ ಮೀನಿನ ಹುರುಪೆ ಕಟ್ಟಿಕೊಂಡಿತ್ತು, ಐಸ್ ಕರಗಿದ ನೀರು ಅಲ್ಲೇ ನಿಂತು ಕೊಳೆತಿತ್ತು. ಸುತ್ತಿಗೆಯಲ್ಲಿ ಒಂದೊಂದೇ ಕ್ರಾಸ್ ಮೆಂಬರ್, ಅಂದರೆ ನೆಲವನ್ನು ಹೊರುವ ಅಡ್ಡ ಕಬ್ಬಿಣ, ಬಡಿಯುತ್ತಾ ಹೋದೆ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಜಂಗು ತಿಂದದ್ದು ದಬ್ ಅನ್ನುತ್ತದೆ. ದಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಆಚೆಗೆ ಬಂತು, ಹಪ್ಪಳ ಮುರಿದ ಹಾಗೆ. ಎರಡು ಹೋಗಿದ್ದವು. ನೆಲ ಕುಸಿದು ಬಾಗಿಲಿನ ಚೌಕಟ್ಟೇ ವಾರೆಯಾಗಿತ್ತು.

ಮಾಲೀಕರು ಫೋನಿನಲ್ಲಿ, "ಕೆಳಗೆ ಯಾರು ನೋಡ್ತಾರೆ, ಕಪ್ಪು ಪೇಂಟ್ ಹೊಡೆದು ಕಳಿಸಿ" ಅಂದರು. ಜಂಗಿನ ಮೇಲೆ ಪೇಂಟ್ ಹೊಡೆಯುವುದು ಗಾಯ ತೊಳೆಯದೆ ಬಟ್ಟೆ ಕಟ್ಟಿದ ಹಾಗೆ. ಆಗಲ್ಲ ಸಾರ್ ಅಂದೆ. ಸ್ವಲ್ಪ ಜಗಳವೂ ಆಯಿತು.

ಎರಡನ್ನೂ ಕತ್ತರಿಸಿ ಹೊಸ ಕಬ್ಬಿಣದ ಚಾನೆಲ್ ಹಾಕಿ, ಜಂಗು ತಡೆಯುವ ರೆಡ್ ಆಕ್ಸೈಡ್ ಬಳಿದು, ನೀರಿನ ತೂತು ದೊಡ್ಡದು ಮಾಡಿದೆ. ಎರಡು ದಿನ ಹಿಡಿಯಿತು. ಚೌಕಟ್ಟು ನೆಟ್ಟಗಾಯಿತು. ಆದರೆ ಮೊದಲ ಸಲ ನಾನೇ ಉಜ್ಜಿದ್ದ ಅಂಚಿನಲ್ಲಿ ಈಗ ಸಂದು! ರಬ್ಬರ್ ಬೀಡಿಂಗ್ ಹಾಕಿಕೊಟ್ಟೆ, ಅದಕ್ಕೆ ದುಡ್ಡು ಕೇಳಲಿಲ್ಲ.